ಮೂವತ್ತು, ಅರವತ್ತು, ಹದಿನೈದು

ಕ್ಯಾಲಿಫೋರ್ನಿಯಾದ ಫ್ರೀಮಾಂಟ್. ಮೈಸೂರಿನಿಂದ ಬಂದು ಇನ್ನೂ ವರ್ಷ ತುಂಬದ ಹುಡುಗ ಒಬ್ಬ. ಇಲ್ಲಿಯ ಆಸ್ಪತ್ರೆಯೊಂದರ ಬಿಲ್ಲಿಂಗ್ ವಿಭಾಗದಲ್ಲಿ ಬಹುಕಾಲ ದುಡಿದು ನಿವೃತ್ತರಾದ ಅವನ ಚಿಕ್ಕಮ್ಮ ಇನ್ನೊಬ್ಬರು. ಮಾತು ಕಾರಿನ ವಿಮೆಯದು.

ಹುಡುಗ: ಚಿಕ್ಕಮ್ಮ, ಗಾಡಿ ಗೊತ್ತಾಯ್ತು. 2013ರ ಕೊರೊಲಾ. ಮೆಕ್ಯಾನಿಕ್ ನೋಡಿ ಇಂಜಿನ್ ಚೆನ್ನಾಗಿದೆ ಅಂದ. ಶನಿವಾರ ದುಡ್ಡು ಕೊಟ್ಟು ತರಬೇಕು. ಇನ್ಶೂರೆನ್ಸಿಗೆ ನಾಲ್ಕು ಕಡೆ ವಿಚಾರಿಸಿದೆ, ಎಲ್ಲಕ್ಕಿಂತ ಕಮ್ಮಿ ಹೇಳಿದವರದ್ದು ತಗೊಳ್ಳೋಣ ಅಂತ. ಎಂಟು ಸಾವಿರ ಡಾಲರಿನ ಹಳೇ ಗಾಡಿಗೆ ದೊಡ್ಡ ಇನ್ಶೂರೆನ್ಸ್ ಯಾಕೆ ಅಲ್ವಾ?

ಚಿಕ್ಕಮ್ಮ: ಅವರು ಕಳಿಸಿದ ಕೋಟ್ ಫೋನಲ್ಲಿದೆಯಾ? ಲಯಬಿಲಿಟಿ ಅಂತ ಇರೋ ಸಾಲು ಓದು.

ಹುಡುಗ: 30/60/15. ಪಕ್ಕದಲ್ಲಿ ಸ್ಟೇಟ್ ಮಿನಿಮಮ್ ಅಂತ ಬರೆದಿದೆ. ಕಾನೂನು ಕೇಳೋದೇ ಇಷ್ಟಂತೆ.

ಚಿಕ್ಕಮ್ಮ: ಇಷ್ಟೇ, ನಿಜ. ಈ ಮೂರು ಅಂಕಿಯಲ್ಲಿ ನಿನ್ನ ಕೊರೊಲಾಗೆ ಎಷ್ಟು ಬರುತ್ತೆ ಹೇಳು.

ಹುಡುಗ: ಹದಿನೈದು ಸಾವಿರ?

ಚಿಕ್ಕಮ್ಮ: ಒಂದು ಡಾಲರೂ ಬರಲ್ಲ. ಮೂರೂ ಬೇರೆಯವರ ದುಡ್ಡು. ನಿನ್ನ ತಪ್ಪಿನಿಂದ ಅಪಘಾತವಾಗಿ ಒಬ್ಬರಿಗೆ ಪೆಟ್ಟಾದರೆ ಅಥವಾ ಜೀವ ಹೋದರೆ ಕಂಪನಿ ಕೊಡೋದು ಹೆಚ್ಚೆಂದರೆ 30,000 ಡಾಲರ್. ಆ ಒಂದೇ ಅಪಘಾತದಲ್ಲಿ ಎಷ್ಟು ಜನಕ್ಕೆ ಪೆಟ್ಟಾದರೂ ಎಲ್ಲರಿಗೂ ಸೇರಿ 60,000. ಅವರ ಕಾರು, ರಸ್ತೆ ಪಕ್ಕದ ಕಂಬ, ಯಾರದೋ ಮನೆಯ ಕಾಂಪೌಂಡು, ಇಂಥ ಆಸ್ತಿಪಾಸ್ತಿಗೆ 15,000. ಹಾಗಾಗಿ ನಿನ್ನ ಗಾಡಿ ಹಳೇದೋ ಹೊಸದೋ ಅನ್ನೋದಕ್ಕೂ ಈ ಅಂಕಿಗಳಿಗೂ ಸಂಬಂಧವೇ ಇಲ್ಲ. ಎಂಟು ಸಾವಿರದ ಗಾಡಿ ಹಿಂದಿನಿಂದ ಗುದ್ದಿದರೂ ಮುಂದಿನವರ ಬೆನ್ನುಮೂಳೆ ಮುರಿಯೋದು ಹಾಗೇ.

ಹುಡುಗ: ಅಂದರೆ ಇದು ನಮ್ಮೂರಿನ ಥರ್ಡ್ ಪಾರ್ಟಿ. ಅಪ್ಪನ ಗಾಡಿಗೆ ಈಗ ಥರ್ಡ್ ಪಾರ್ಟಿ ಒಂದೇ ಇರೋದು. ಅಪ್ಪ ನಿಶ್ಚಿಂತೆಯಿಂದ ಓಡಿಸ್ತಾರಲ್ಲ.

ಚಿಕ್ಕಮ್ಮ: ಅಲ್ಲಿಂದ ಬಂದವರೆಲ್ಲ ಎಡವೋದು ಇಲ್ಲೇ, ಸ್ವಲ್ಪ ನಿಧಾನವಾಗಿ ಕೇಳು. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಥರ್ಡ್ ಪಾರ್ಟಿ ಕಡ್ಡಾಯ. ಯಾರಿಗಾದರೂ ಪೆಟ್ಟಾಗಿ, ಇಲ್ಲಾ ಸತ್ತು, ಕೇಸು ಟ್ರಿಬ್ಯೂನಲ್ಲಿಗೆ ಹೋದರೆ ಅಲ್ಲಿ ಎಷ್ಟು ಪರಿಹಾರ ಅಂತ ತೀರ್ಪಾಗುತ್ತೋ ಅಷ್ಟನ್ನೂ ಇನ್ಶೂರೆನ್ಸ್ ಕಂಪನಿ ಕಟ್ಟಬೇಕು. ಐದು ಲಕ್ಷವೋ ಒಂದು ಕೋಟಿಯೋ, ಪ್ರಾಣಕ್ಕೆ, ದೇಹಕ್ಕೆ ಆದ ನಷ್ಟಕ್ಕೆ ಮೇಲ್ಮಿತಿ ಇಲ್ಲ. ಆಸ್ತಿ ನಷ್ಟಕ್ಕೆ ಮಾತ್ರ ಕಾರಿಗೆ 7.5 ಲಕ್ಷ ಅಂತ ಮಿತಿ. ಅದಕ್ಕೇ ನಿಮ್ಮಪ್ಪನ ಅಗ್ಗದ ಪಾಲಿಸಿ ಕೂಡ ಬೀದಿಯಲ್ಲಿ ನಡೆಯೋ ಮನುಷ್ಯನ ಮಟ್ಟಿಗೆ ದೊಡ್ಡ ಪಾಲಿಸಿನೇ. ಇಲ್ಲಿ ಹಾಗಿಲ್ಲ. ನೀನು ಎಷ್ಟು ಕೊಂಡಿದೀಯೋ ಅಷ್ಟಕ್ಕೆ ಕಂಪನಿ ಕೈ ತೊಳ್ಕೊಳುತ್ತೆ. ಉಳಿದದ್ದು ನಿನ್ನ ಮೈಮೇಲೆ.

ಹುಡುಗ: ಮೈಮೇಲೆ ಅಂದರೆ? ನನ್ನ ಹತ್ತಿರ ಏನಿದೆ? ಬಾಡಿಗೆ ಮನೆ, ಎರಡು ಸೂಟ್‌ಕೇಸು.

ಚಿಕ್ಕಮ್ಮ: ಸಂಬಳ ಇದೆಯಲ್ಲ. ಕೋರ್ಟಿನ ತೀರ್ಪು ನಿನ್ನ ವಿರುದ್ಧ ಬಂದರೆ ತಿಂಗಳ ಸಂಬಳದಲ್ಲಿ ಒಂದು ಪಾಲನ್ನ ನಿಮ್ಮ ಆಫೀಸಿನವರೇ ಮುರಿದು ಅವರಿಗೆ ಕಟ್ಟೋ ಹಾಗೆ ಆದೇಶ ತರಬಹುದು. ಬ್ಯಾಂಕಿನ ದುಡ್ಡಿಗೂ ಕೈ ಹಾಕಬಹುದು. ಕ್ಯಾಲಿಫೋರ್ನಿಯಾದಲ್ಲಿ ಇಂಥ ತೀರ್ಪು 10 ವರ್ಷ ಜೀವಂತ, ಆಮೇಲೆ ನವೀಕರಿಸಲೂಬಹುದು. ನಾಳೆ ನೀನು ಮನೆ ತಗೊಂಡೆ ಅಂತಿಟ್ಟುಕೋ, ಆ ತೀರ್ಪು ಮನೆಯ ಪತ್ರದ ಮೇಲೂ ಬಂದು ಕೂರುತ್ತೆ. ತೀರ್ಪಿನ ಹಣ ಕಟ್ಟದಿದ್ದರೆ ಲೈಸೆನ್ಸೂ ಹೋಗಬಹುದು.

ಹುಡುಗ: ಆದರೂ ಮೂವತ್ತು ಸಾವಿರ ಡಾಲರ್ ಅಂದರೆ ಕಮ್ಮಿನಾ ಚಿಕ್ಕಮ್ಮ? ರೂಪಾಯಿ ಲೆಕ್ಕ ಹಾಕಿದರೆ ಇಪ್ಪತ್ತೈದು ಲಕ್ಷದ ಮೇಲಾಯ್ತು.

ಚಿಕ್ಕಮ್ಮ: ಖರ್ಚು ಡಾಲರಲ್ಲಿ ಆಗೋವಾಗ ರೂಪಾಯಿ ಲೆಕ್ಕ ಬಿಡು. ನನ್ನ ಮೇಜಿನ ಮೇಲೆ ದಿನಾ ಬರ್ತಿದ್ದದ್ದು ಇಂಥವೇ ಬಿಲ್ಲು. ಹೈವೇಲಿ ಗುದ್ದಿಸಿಕೊಂಡು ಬಂದವರ ಬಿಲ್ಲು ಹೇಗಿರುತ್ತೆ ಗೊತ್ತಾ? ಮೊದಲು ಆಂಬುಲೆನ್ಸು, ಅದು ಆಸ್ಪತ್ರೆಗೆ ಸೇರಿದ್ದಲ್ಲ, ಅದರ ಬಿಲ್ಲೇ ಬೇರೆ. ಒಳಗೆ ಬರೋ ಮೊದಲೇ ಡಾಕ್ಟರು, ನರ್ಸು, ಅನಸ್ತೇಶಿಯಾದವರು ಎಲ್ಲ ಸಿದ್ಧವಾಗಿ ನಿಂತಿದ್ದಕ್ಕೆ ಟ್ರಾಮಾ ಆಕ್ಟಿವೇಷನ್ ಅಂತ ಒಂದು ಸಾಲು. ತಲೆಗೊಂದು, ಕುತ್ತಿಗೆಗೊಂದು, ಹೊಟ್ಟೆಗೊಂದು ಸಿಟಿ ಸ್ಕ್ಯಾನು, ಮೂರೂ ಬೇರೆ ಬೇರೆ. ಸ್ಕ್ಯಾನ್ ಓದಿದ ಡಾಕ್ಟರದ್ದು ಮತ್ತೊಂದು. ತೊಡೆ ಮೂಳೆ ಮುರಿದಿದ್ದರೆ ಆಪರೇಷನ್ ಥಿಯೇಟರಿನ ಸಮಯ, ಒಳಗೆ ಹಾಕಿದ ರಾಡು, ಸ್ಕ್ರೂ ಒಂದೊಂದಕ್ಕೂ ಸಾಲು. ಐಸಿಯುನಲ್ಲಿ ಒಂದು ರಾತ್ರಿ ಕಳೆದರೆ ಮುಗೀತು. ಮೂವತ್ತು ಸಾವಿರ ಮೊದಲನೇ ದಿನವೇ ದಾಟಿದ ಬಿಲ್ಲುಗಳನ್ನ ಬೇಕಾದಷ್ಟು ನೋಡಿದೀನಿ. ಫಿಸಿಯೋಥೆರಪಿ, ಕೆಲಸಕ್ಕೆ ಹೋಗದ ತಿಂಗಳುಗಳ ಸಂಬಳ, ಆ ನೋವು, ಇವೆಲ್ಲ ಅದರಾಚೆ.

ಹುಡುಗ: ಅವರಿಗೂ ಹೆಲ್ತ್ ಇನ್ಶೂರೆನ್ಸ್ ಇರುತ್ತಲ್ಲ?

ಚಿಕ್ಕಮ್ಮ: ಕೆಲವರಿಗೆ ಇರುತ್ತೆ, ಕೆಲವರಿಗೆ ಇರಲ್ಲ. ಇದ್ದವರ ಹೆಲ್ತ್ ಇನ್ಶೂರೆನ್ಸ್‌ನವರೂ ಕೊಟ್ಟದ್ದನ್ನ ಸಾಮಾನ್ಯವಾಗಿ ನಿನ್ನ ಪಾಲಿಸಿಯಿಂದ ವಾಪಸ್ ಕೇಳ್ತಾರೆ. ಬಿಲ್ ಬಾಕಿ ಇದ್ದರೆ ಆಸ್ಪತ್ರೆ ಆ ಪರಿಹಾರದ ಮೇಲೆ ಹಕ್ಕು ಹಾಕುತ್ತೆ, ಇಲ್ಲಿಯ ಕಾನೂನಲ್ಲಿ ಅರ್ಧದವರೆಗೂ. ವಕೀಲರನ್ನ ಹಿಡಿದಿದ್ದರೆ ಅವರಿಗೆ ಸುಮಾರು ಮೂರನೇ ಒಂದು ಪಾಲು. ಎಲ್ಲ ಹೋಗಿ ಆ ಮನುಷ್ಯನ ಕೈಗೆ ಬರೋದೆಷ್ಟು ಅಂತ ನೀನೇ ಲೆಕ್ಕ ಹಾಕು. ನಾನು ಈ ಕುರಿತು ಇಷ್ಟು ಹೇಳೋದು ನಿನ್ನ ಸಂಬಳ ಉಳಿಸೋಕೆ ಮಾತ್ರ ಅಲ್ಲ ಕಣೋ. ಕೌಂಟರಿಗೆ ಬರ್ತಿದ್ದವರ ಮುಖ ನೋಡಿದೀನಿ. ಸಿಗ್ನಲ್ಲಲ್ಲಿ ಸುಮ್ಮನೆ ನಿಂತಿದ್ದವರು ಅವರು, ಅವರದೇನೂ ತಪ್ಪಿಲ್ಲ. ಗುದ್ದಿದವನ ಪಾಲಿಸಿ ಮುಗೀತಂತೆ, ಇನ್ನು ಮುಂದೇನು ಅಂತ ನನ್ನನ್ನ ಕೇಳೋರು. ನಮ್ಮೂರಲ್ಲಿ ಅಂಥವರ ಪರವಾಗಿ ಕಾಯ್ದೆನೇ ನಿಂತಿದೆ. ಇಲ್ಲಿ ಆ ಜಾಗದಲ್ಲಿ ನಿಂತಿರೋದು ಪಾಲಿಸಿ ಕೊಳ್ಳುವಾಗ ನೀನು ಟಿಕ್ ಮಾಡೋ ಅಂಕಿ. ಆ ಅಪರಿಚಿತನಿಗೆ ಎಷ್ಟು ಸಿಗಬೇಕು ಅಂತ ತೀರ್ಮಾನ ಮಾಡೋನು ನೀನು.

ಹುಡುಗ: ಹಾಗಿದ್ದ ಮೇಲೆ ಸರ್ಕಾರ ಯಾಕೆ ಇಷ್ಟು ಕಮ್ಮಿ ಇಟ್ಟಿದೆ?

ಚಿಕ್ಕಮ್ಮ: ಇದೂ ಮೊನ್ನೆ ಮೊನ್ನೆ ಏರಿಸಿದ್ದು. 2024ರ ಕೊನೆವರೆಗೂ ಇಲ್ಲಿ 15/30/5 ಇತ್ತು. ಅದು 1967ರಲ್ಲಿ ಗೊತ್ತು ಮಾಡಿದ ಅಂಕಿ. ಅಷ್ಟು ವರ್ಷ ಯಾರೂ ಮುಟ್ಟಲಿಲ್ಲ. ಐದು ಸಾವಿರಕ್ಕೆ 1967ರಲ್ಲಿ ಹೊಸ ಕಾರೇ ಬರ್ತಿತ್ತು; ಈಗ ಕ್ಯಾಮೆರಾ, ಸೆನ್ಸರ್ ಇರೋ ಬಂಪರು, ಒಂದು ಹೆಡ್‌ಲೈಟು ಹೋದರೆ ಅಷ್ಟಾಗುತ್ತೆ. 2022ರಲ್ಲಿ ಕಾನೂನು ತಿದ್ದಿ 2025ರ ಜನವರಿ 1ರಿಂದ 30/60/15 ಮಾಡಿದರು. 2035ಕ್ಕೆ 50/100/25 ಆಗುತ್ತೆ. ಏರಿಸಿದರೆ ಬಡವರಿಗೆ ಪ್ರೀಮಿಯಂ ಕಟ್ಟೋಕಾಗಲ್ಲ, ಇನ್ಶೂರೆನ್ಸ್ ಇಲ್ಲದೇ ಓಡಿಸ್ತಾರೆ ಅನ್ನೋ ಭಯ ಇದ್ದೇ ಇರುತ್ತೆ, ಆ ಮಾತಲ್ಲಿ ಸತ್ಯವೂ ಇದೆ. ಆದಾಯ ಕಮ್ಮಿ ಇರೋರಿಗೆ ಇಲ್ಲಿ ಸರ್ಕಾರದ್ದೇ ಅಗ್ಗದ ವಿಮಾ ಯೋಜನೆ ಇದೆ. ಆದರೆ ನಿನ್ನ ಸಂಬಳಕ್ಕೆ ಆ ನೆಪ ಸಲ್ಲದು.

ಹುಡುಗ: ಆಯ್ತು, 15 ಸಾವಿರದ ವಿಷಯ ಬಿಡಿಸಿ ಹೇಳಿ. ನಾನು ದಿನಾ 880 ಹೆದ್ದಾರಿಯಲ್ಲಿ ಹೋಗೋನು.

ಚಿಕ್ಕಮ್ಮ: ಬೆಳಗ್ಗೆ 880ರಲ್ಲಿ ನಿನ್ನ ಮುಂದೆ ಇರೋ ಐದು ಗಾಡಿ ನೋಡು. ಟೆಸ್ಲಾ, ಪಿಕಪ್ ಟ್ರಕ್ಕು, ಮತ್ತೊಂದು ಟೆಸ್ಲಾ. ಒಂದೇ ಒಂದು ರಿಪೇರಿಗೆ ಬಾರದಷ್ಟು ಜಖಂ ಆದರೂ ಹದಿನೈದು ಸಾಲೋದಿಲ್ಲ. ನೀನು ಒಂದಕ್ಕೆ ಗುದ್ದಿ ಅದು ಅದರ ಮುಂದಿನದಕ್ಕೆ ಗುದ್ದಿದರೆ ಎರಡೂ ಅದೇ ಹದಿನೈದರಲ್ಲಿ ಹಂಚಿಕೊಳ್ಳಬೇಕು. ಹೆದ್ದಾರಿ ಪಕ್ಕದ ಗಾರ್ಡ್‌ರೈಲ್ ಮುರಿದರೆ ಅದಕ್ಕೂ ರಾಜ್ಯದವರು ಬಿಲ್ ಕಳಿಸ್ತಾರೆ. ಆಸ್ತಿಯದ್ದನ್ನ ಒಂದು ಲಕ್ಷಕ್ಕೆ ಏರಿಸು. ಲಯಬಿಲಿಟಿ ಪೂರ್ತಿ 100/300/100 ಮಾಡಿದರೆ ಎಷ್ಟು ಅಂತ ಅದೇ ಕಂಪನಿಯವರನ್ನ ಕೇಳು, ಈಗಲೇ.

ಹುಡುಗ: ಆಪ್‌ನಲ್ಲೇ ಬದಲಾಯಿಸಿ ನೋಡಬಹುದು, ಇರಿ... ತಿಂಗಳಿಗೆ ನಲವತ್ತು ಡಾಲರಿನ ಒಳಗೇ ಜಾಸ್ತಿ ಆಗೋದು. ನಾನು ಮೂರು ಪಟ್ಟು ಆಗುತ್ತೆ ಅಂದ್ಕೊಂಡಿದ್ದೆ.

ಚಿಕ್ಕಮ್ಮ: ಮೊದಲನೇ ಮೂವತ್ತು ಸಾವಿರ ತಾನೇ ಹೆಚ್ಚು ಖರ್ಚಾಗೋದು. ಸಣ್ಣ ಪುಟ್ಟ ಅಪಘಾತಗಳೇ ಹೆಚ್ಚು, ದೊಡ್ಡವು ವಿರಳ. ಅದಕ್ಕೇ ಮೇಲಿನ ಪದರಗಳಿಗೆ ಪ್ರೀಮಿಯಂ ಅದೇ ಪ್ರಮಾಣದಲ್ಲಿ ಏರೋದಿಲ್ಲ. ಇದನ್ನ ತಿಳಿಯದೇ ಎಷ್ಟು ಜನ ಮಿನಿಮಮ್‌ಗೇ ನಿಲ್ಲಿಸ್ತಾರೆ ಅಂತ ನೋಡಿದರೆ ಸಂಕಟ ಆಗುತ್ತೆ. ಈಗ ಕೆಳಗಿನ ಸಾಲು ಓದು. ಅನ್‌ಇನ್ಶೂರ್ಡ್ ಮೋಟರಿಸ್ಟ್ ಅಂತ ಇರಬೇಕು.

ಹುಡುಗ: ರಿಜೆಕ್ಟೆಡ್ ಅಂತಿದೆ. ನಾನು ಹಾಗೆ ಹೇಳಿದ ನೆನಪಿಲ್ಲ.

ಚಿಕ್ಕಮ್ಮ: ಎಲ್ಲಕ್ಕಿಂತ ಕಮ್ಮಿ ಬೇಕು ಅಂದಿರ್ತೀಯ, ತೆಗೆದು ಕಳಿಸಿದಾರೆ. ಕ್ಯಾಲಿಫೋರ್ನಿಯಾದಲ್ಲಿ ಇದು ಕಡ್ಡಾಯ ಅಲ್ಲ. ಆದರೆ ಕಂಪನಿ ಇದನ್ನ ಕೊಡ್ತೀವಿ ಅಂತ ಹೇಳಲೇಬೇಕು, ಬೇಡ ಅಂದರೆ ನೀನು ಬರವಣಿಗೆಯಲ್ಲಿ ಸಹಿ ಹಾಕಿಕೊಡಬೇಕು. ಪಾಲಿಸಿ ಮಾಡೋ ದಿನ ಫೋನಿಗೆ ಹತ್ತು ಕಡೆ ಸಹಿ ಮಾಡು ಅಂತ ಬರುತ್ತಲ್ಲ, ಅದರಲ್ಲಿ ಇದೊಂದು ಇರುತ್ತೆ. ಕಣ್ಣು ಮುಚ್ಚಿ ಒತ್ತಬೇಡ. ಇಷ್ಟು ಹೊತ್ತು ನೀನು ಬೇರೆಯವರಿಗೆ ಗುದ್ದಿದರೆ ಏನು ಅಂತ ಮಾತಾಡಿದ್ವಿ. ಇದು ಬೇರೆಯವರು ನಿನಗೆ ಗುದ್ದಿದರೆ ಏನು ಅನ್ನೋದು. ಅವನ ಹತ್ತಿರ ಇನ್ಶೂರೆನ್ಸೇ ಇಲ್ಲ, ಅಥವಾ ಗುದ್ದಿ ನಿಲ್ಲಿಸದೇ ಓಡಿಹೋದ, ಆಗ ನಿನ್ನ ಚಿಕಿತ್ಸೆ, ನಿನ್ನ ಸಂಬಳದ ನಷ್ಟ, ನಿನ್ನ ನೋವಿಗೆ ನಿನ್ನದೇ ಕಂಪನಿ ಕೊಡುತ್ತೆ. ನಿನ್ನ ಕಾರಲ್ಲಿ ಕೂತಿದ್ದವರಿಗೂ ಕೊಡುತ್ತೆ. ಓಡಿಹೋದ ಗಾಡಿ ನಿನ್ನ ಗಾಡಿಗೆ ತಾಗಿರಬೇಕು, 24 ಗಂಟೆ ಒಳಗೆ ಪೊಲೀಸರಿಗೆ ತಿಳಿಸಿರಬೇಕು, ಈ ಎರಡು ನೆನಪಿಟ್ಟುಕೋ.

ಹುಡುಗ: ಸೇರಿಸೋಕೆ ಹೋದರೆ ಇದರಲ್ಲೂ 30/60 ತೋರಿಸ್ತಿದೆ. ಇದಕ್ಕೆ ಅಷ್ಟು ಸಾಕಾ?

ಚಿಕ್ಕಮ್ಮ: ಈ ಪ್ರಶ್ನೆ ಕೇಳಿದ್ದು ಒಳ್ಳೇದಾಯ್ತು, ಬಹಳ ಜನಕ್ಕೆ ಇದರ ಗುಟ್ಟೇ ಗೊತ್ತಿಲ್ಲ. ಇನ್ಶೂರೆನ್ಸ್ ಇಲ್ಲದವನು ಗುದ್ದಿದರೆ ನಿನಗೆ 30 ಸಾವಿರದವರೆಗೆ ಸಿಗುತ್ತೆ. ಆದರೆ ಅವನ ಹತ್ತಿರ ಇದೆ, ಸಾಲದಷ್ಟು ಇದೆ ಅಂದ್ಕೋ. ಅವನದ್ದೂ ಮಿನಿಮಮ್, 30. ನಿನ್ನ ಆಸ್ಪತ್ರೆ ಖರ್ಚು, ಸಂಬಳ ನಷ್ಟ ಎಲ್ಲ ಸೇರಿ 90 ಸಾವಿರ. ಅವನ ಕಂಪನಿ 30 ಕೊಟ್ಟು ಸುಮ್ಮನಾಯ್ತು. ಉಳಿದ 60ರಲ್ಲಿ ನಿನ್ನ 30 ಬರುತ್ತೆ ಅಂತ ನೀನು ಕಾಯ್ತಿರ್ತೀಯ. ಬರಲ್ಲ! ಈ ರಾಜ್ಯದ ಕಾನೂನಿನ ಪ್ರಕಾರ ನಿನ್ನ ಮಿತಿಯಿಂದ ಅವನು ಕೊಟ್ಟದ್ದನ್ನ ಕಳೆದು ಉಳಿದದ್ದು ಮಾತ್ರ ನಿನಗೆ. ಮೂವತ್ತರಲ್ಲಿ ಮೂವತ್ತು ಕಳೆದರೆ ಸೊನ್ನೆ. ಅದೇ ನಿನ್ನ ಮಿತಿ 100 ಇದ್ದಿದ್ದರೆ, 100ರಲ್ಲಿ 30 ಕಳೆದು 70ರವರೆಗೆ ಹಾದಿ ತೆರೆದಿರೋದು, ನಿನ್ನ ಉಳಿದ 60 ಪೂರ್ತಿ ಬರೋದು. ಬೇರೆ ಕೆಲವು ರಾಜ್ಯಗಳಲ್ಲಿ ಎರಡನ್ನೂ ಕೂಡಿಸಿ ಕೊಡ್ತಾರೆ. ಇಲ್ಲಿ ಹಾಗಿಲ್ಲ. ರಸ್ತೆ ತುಂಬ ಮಿನಿಮಮ್ ಪಾಲಿಸಿಯವರೇ ಓಡಾಡೋವಾಗ ನೀನೂ ಇದರಲ್ಲಿ ಮಿನಿಮಮ್ ಇಟ್ಟುಕೊಂಡರೆ ಅರ್ಧ ಪ್ರಯೋಜನ ಹೋದ ಹಾಗೇ. 100/300 ಹಾಕಿಸು.

ಹುಡುಗ: ನನಗೆ ಆಫೀಸಿನ ಹೆಲ್ತ್ ಇನ್ಶೂರೆನ್ಸ್ ಇದೆ. ಆದರೂ ಬೇಕಾ?

ಚಿಕ್ಕಮ್ಮ: ಹೆಲ್ತ್ ಇನ್ಶೂರೆನ್ಸ್ ಡಾಕ್ಟರಿಗೆ ಕೊಡುತ್ತೆ. ಆರು ತಿಂಗಳು ಕೆಲಸಕ್ಕೆ ಹೋಗದೇ ಮನೇಲಿ ಮಲಗಿದರೆ ಬಾಡಿಗೆ ಯಾರು ಕೊಡ್ತಾರೆ? ಅದೂ ಅಲ್ಲದೆ ಬೇಸಿಗೆಗೆ ನಿಮ್ಮಪ್ಪ ಅಮ್ಮ ಬರ್ತಾರೆ ಅಂದೆಯಲ್ಲ.

ಹುಡುಗ: ಹೌದು, ಆರು ತಿಂಗಳು ಇರ್ತಾರೆ. ಅವರಿಗೆ ವಿಸಿಟರ್ಸ್ ಇನ್ಶೂರೆನ್ಸ್ ತಗೋತೀನಿ.

ಚಿಕ್ಕಮ್ಮ: ತಗೋ, ಆದರೆ ಅದರ ಷರತ್ತು ಪೂರ್ತಿ ಓದು. ಅಪ್ಪನಿಗೆ ಶುಗರು, ಬಿ.ಪಿ. ಎರಡೂ ಇದೆ, ಮೊದಲಿಂದ ಇರೋ ಕಾಯಿಲೆಗೆ ಸಂಬಂಧ ಕಟ್ಟಿ ಕೈಯೆತ್ತೋ ಪಾಲಿಸಿಗಳೇ ಹೆಚ್ಚು. ಕಾರಿನ ಪಾಲಿಸಿಯಲ್ಲಿ ಮೆಡಿಕಲ್ ಪೇಮೆಂಟ್ಸ್ ಅಂತ ಒಂದಿದೆ. ಐದು ಸಾವಿರವೋ ಹತ್ತು ಸಾವಿರವೋ ಹಾಕಿಸಿಕೋ. ತಪ್ಪು ಯಾರದ್ದು ಅಂತ ಕೇಳದೇ ನಿನ್ನ ಕಾರಲ್ಲಿ ಕೂತವರ ಚಿಕಿತ್ಸೆಗೆ ಅಷ್ಟರವರೆಗೆ ಕೊಡುತ್ತೆ. ಹಿಂದಿನ ಸೀಟಲ್ಲಿ ಅಮ್ಮನನ್ನ ಕೂರಿಸಿಕೊಂಡು ಲಿವರ್‌ಮೋರ್ ದೇವಸ್ಥಾನಕ್ಕೆ ಹೋಗೋ ದಿನಕ್ಕೆ ಇದು ಬೇಕು. ಬೆಲೆಯೂ ಅಷ್ಟೇನಿಲ್ಲ.

ಹುಡುಗ: ನನ್ನ ಕೊರೊಲಾ ಮಾತು ಇನ್ನೂ ಬಂದೇ ಇಲ್ಲ.

ಚಿಕ್ಕಮ್ಮ: ಕೊನೆಗೆ ಬರಬೇಕಾದದ್ದು ಅದು. ನಿನ್ನ ಗಾಡಿಗೆ ಪಾಲಿಸಿಯಲ್ಲಿ ಎರಡು ಬೇರೆ ಬೇರೆ ಭಾಗ. ಡಿಕ್ಕಿಯಿಂದ ಆದ ನಷ್ಟಕ್ಕೆ ಕೊಲಿಶನ್. ಕಳುವು, ಬೆಂಕಿ, ಗಾಜು ಒಡೆದದ್ದು, ಮರ ಬಿದ್ದದ್ದು, ಜಿಂಕೆ ಅಡ್ಡ ಬಂದದ್ದು, ಇವಕ್ಕೆ ಕಾಂಪ್ರಹೆನ್ಸಿವ್. ಎರಡರಲ್ಲೂ ಮೊದಲ 500 ಅಥವಾ 1,000 ಡಾಲರ್ ನಿನ್ನ ಕೈಯಿಂದ, ಅದೇ ಡಿಡಕ್ಟಿಬಲ್. ಗಾಡಿ ಪೂರ್ತಿ ಹೋದರೆ ಆ ದಿನದ ಮಾರುಕಟ್ಟೆ ಬೆಲೆ ಕೊಡ್ತಾರೆ, ನೀನು ಕೊಟ್ಟ ಬೆಲೆ ಅಲ್ಲ. ಸಾಲ ಮಾಡಿ ಹೊಸ ಗಾಡಿ ತಗೊಂಡಿದ್ದರೆ ಬ್ಯಾಂಕಿನವರು ಎರಡನ್ನೂ ಹಾಕಿಸಲೇಬೇಕು ಅಂತಾರೆ. ನಿನಗೆ ಸಾಲ ಇಲ್ಲ, ನಿರ್ಧಾರ ನಿನ್ನದು. ನಾಳೆ ಈ ಗಾಡಿ ಗುಜರಿಗೆ ಹೋದರೆ ಕೈಯಿಂದ ಇನ್ನೊಂದು ತಗೊಳ್ಳೋಕೆ ಆಗುತ್ತಾ?

ಹುಡುಗ: ಕಷ್ಟ ಆಗುತ್ತೆ, ಆದರೆ ಆಗುತ್ತೆ. ಒಂದೆರಡು ತಿಂಗಳು ರೈಲಲ್ಲಿ ಹೋದರಾಯ್ತು, ಆಫೀಸಿಗೆ ಬಾರ್ಟ್, ಬಸ್ಸು ಇದೆ.

ಚಿಕ್ಕಮ್ಮ: ಹಾಗಾದರೆ ಕೊಲಿಶನ್ ಬಿಡಬಹುದು. ಆ ದುಡ್ಡನ್ನ ಲಯಬಿಲಿಟಿಗೆ, ಅನ್‌ಇನ್ಶೂರ್ಡ್‌ಗೆ ಹಾಕು. ಕಾಂಪ್ರಹೆನ್ಸಿವ್ ಬಿಡಬೇಡ, ಅದು ಅಗ್ಗ, ಅದೊಂದನ್ನೇ ಬೇಕಾದರೂ ಬಹಳ ಕಂಪನಿಗಳು ಕೊಡ್ತವೆ. ಈ ಕಡೆ ರಾತ್ರಿ ಗಾಡಿ ಕೆಳಗೆ ನುಗ್ಗಿ ಕ್ಯಾಟಲಿಟಿಕ್ ಕನ್ವರ್ಟರ್ ಕೊಯ್ದುಕೊಂಡು ಹೋಗೋದು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಿಟಕಿ ಒಡೆಯೋದು ನೀನೇ ಕೇಳಿದೀಯ. ಗಾಜು ಕಾಂಪ್ರಹೆನ್ಸಿವ್‌ನಲ್ಲಿ ಬರುತ್ತೆ. ಸೀಟ್ ಮೇಲಿಟ್ಟಿದ್ದ ಲ್ಯಾಪ್‌ಟಾಪ್ ಬರಲ್ಲ. ಅದಕ್ಕೆ ಬಾಡಿಗೆದಾರರ ವಿಮೆ ಬೇಕು, ಅದು ಬೇರೆ ಮಾತು. ಇನ್ನೊಂದು ಸಣ್ಣದು ಇದೆ: ಇನ್ಶೂರೆನ್ಸ್ ಇಲ್ಲದವನು ನಿನ್ನ ಗಾಡಿಗೆ ಗುದ್ದಿ ಸಿಕ್ಕಿಬಿದ್ದರೆ ಗಾಡಿಗೆ 3,500 ಡಾಲರಿನವರೆಗೆ ಕೊಡೋದು. ಕೊಲಿಶನ್ ಇಲ್ಲದವರು ಹಾಕಿಸೋದು ಒಳ್ಳೇದು.

ಹುಡುಗ: ನನ್ನ ರೂಮ್‌ಮೇಟ್‌ಗಳು ಇಬ್ಬರೂ ಆಗಾಗ ಓಡಿಸ್ತಾರೆ. ಅವರ ಹೆಸರು ಕೊಡಲಿಲ್ಲ, ಪ್ರೀಮಿಯಂ ಜಾಸ್ತಿ ಆಗುತ್ತೆ ಅಂತ.

ಚಿಕ್ಕಮ್ಮ: ಕೊಡು. ಇದರಲ್ಲಿ ಮುಚ್ಚುಮರೆ ಬೇಡ. ಒಂದೇ ಮನೇಲಿದ್ದು ಗಾಡಿ ಓಡಿಸೋರ ಹೆಸರನ್ನ ಅರ್ಜಿಯಲ್ಲಿ ಕೇಳಿರ್ತಾರೆ. ಕೇಳಿದ್ದಕ್ಕೆ ಸುಳ್ಳು ಹೇಳಿದರೆ ಕ್ಲೇಮ್ ಬಂದ ದಿನ ಪಾಲಿಸಿಯನ್ನೇ ರದ್ದು ಮಾಡೋ ದಾರಿ ಅವರಿಗೆ ಸಿಗುತ್ತೆ. ಅವರಲ್ಲಿ ಯಾರಾದರೂ ಸಂಜೆ ಊಟ ಡೆಲಿವರಿ ಮಾಡ್ತಾರಾ ನಿನ್ನ ಗಾಡಿಯಲ್ಲಿ?

ಹುಡುಗ: ಒಬ್ಬ ಕೇಳ್ತಿದ್ದ, ವಾರಾಂತ್ಯಕ್ಕೆ.

ಚಿಕ್ಕಮ್ಮ: ಬೇಡ ಅನ್ನು. ಸಾಮಾನ್ಯ ಪಾಲಿಸಿಯಲ್ಲಿ ಬಾಡಿಗೆಗೆ ಜನ, ಸಾಮಾನು ಸಾಗಿಸೋದು ಸೇರಿರೋದಿಲ್ಲ, ಅದನ್ನ ಬೇರೆಯಾಗಿ ಸೇರಿಸಿಕೊಳ್ಳಬೇಕು. ಅದೂ ಅಲ್ಲದೆ ಅವನ ವೀಸಾದಲ್ಲಿ ಆ ಕೆಲಸ ಮಾಡಬಹುದಾ ಅಂತ ಅವನು ಮೊದಲು ನೋಡಿಕೊಳ್ಳಲಿ.

ಹುಡುಗ: ಎಡಿಸನ್‌ನಲ್ಲಿರೋ ಅಕ್ಕ ಬೇರೆಯೇ ಏನೋ ಹೇಳ್ತಿದ್ದಳು. ಪಿಐಪಿ ಅಂತ.

ಚಿಕ್ಕಮ್ಮ: ನ್ಯೂ ಜೆರ್ಸಿ ಲೆಕ್ಕವೇ ಬೇರೆ. ಅಲ್ಲಿ, ನ್ಯೂಯಾರ್ಕಲ್ಲಿ, ಮಿಶಿಗನ್‌ನಲ್ಲಿ, ಫ್ಲಾರಿಡಾದಲ್ಲಿ ತಪ್ಪು ಯಾರದ್ದಾದರೂ ನಿನ್ನ ಪೆಟ್ಟಿನ ಚಿಕಿತ್ಸೆಗೆ ಮೊದಲು ನಿನ್ನದೇ ಪಾಲಿಸಿ ಕೊಡುತ್ತೆ, ಅದೇ ಪಿಐಪಿ. ಅದರ ಬದಲಿಗೆ ಬೇರೆಯವರ ಮೇಲೆ ದಾವೆ ಹೂಡೋ ಹಕ್ಕು ಸ್ವಲ್ಪ ಮೊಟಕಾಗಿರುತ್ತೆ. ನ್ಯೂ ಜೆರ್ಸಿಯಲ್ಲಿ ಆ ಹಕ್ಕು ಪೂರ್ತಿ ಬೇಕಾ, ಕಮ್ಮಿ ಪ್ರೀಮಿಯಂಗೆ ಬಿಟ್ಟುಕೊಡ್ತೀಯಾ ಅಂತ ಅವರೇ ಕೇಳ್ತಾರೆ. ಅಕ್ಕ ಏನು ಒತ್ತಿದಾಳೆ ಅಂತ ವಿಚಾರಿಸು. ಅಲ್ಲಿಯ ಲಯಬಿಲಿಟಿ ಮಿನಿಮಮ್ 2026ರ ಜನವರಿ 1ರಿಂದ 35/70/25. ಮಿಶಿಗನ್‌ನ ಡೆಟ್ರಾಯಿಟ್ ಕಡೆ ಕಾರು ಕಂಪನಿಗಳಲ್ಲಿರೋ ನಮ್ಮವರಿಗೆ 2020ರ ಜುಲೈವರೆಗೂ ಚಿಕಿತ್ಸೆಗೆ ಮಿತಿಯೇ ಇರಲಿಲ್ಲ, ಈಗ ಎಷ್ಟು ಬೇಕು ಅಂತ ಆರಿಸಿಕೊಳ್ಳಬೇಕು. ಫ್ಲಾರಿಡಾದಲ್ಲಿ ಇನ್ನೂ ವಿಚಿತ್ರ. 10,000 ಪಿಐಪಿ, 10,000 ಆಸ್ತಿಗೆ. ಬೇರೆಯವರ ಮೈಪೆಟ್ಟಿಗೆ ಕೊಡೋ ಲಯಬಿಲಿಟಿ ಸಾಮಾನ್ಯ ಕಾರಿನವರಿಗೆ ಕಡ್ಡಾಯವೇ ಅಲ್ಲ. ಅಲ್ಲಿ ಇರೋರು ಅನ್‌ಇನ್ಶೂರ್ಡ್ ಮೋಟರಿಸ್ಟ್ ಬಿಟ್ಟರೆ ದೇವರೇ ಗತಿ. ನ್ಯೂ ಹ್ಯಾಂಪ್‌ಶೈರಿನಲ್ಲಂತೂ ಸಾಮಾನ್ಯರಿಗೆ ಇನ್ಶೂರೆನ್ಸೇ ಕಡ್ಡಾಯವಿಲ್ಲ, ಆದರೆ ನಷ್ಟ ಮಾಡಿದರೆ ಕಟ್ಟಿಕೊಡೋದು ನಿನ್ನ ಹೊಣೆ. ವರ್ಜೀನಿಯಾದಲ್ಲಿ 500 ಡಾಲರ್ ಕಟ್ಟಿ ಇನ್ಶೂರೆನ್ಸ್ ಇಲ್ಲದೇ ಓಡಿಸೋ ಅವಕಾಶ ಇತ್ತು. 2024ರ ಜುಲೈಗೆ ಅದನ್ನ ತೆಗೆದರು.

ಹುಡುಗ: ಅಂದರೆ ನಾನು ಇಲ್ಲಿಂದ ಬೇರೆ ರಾಜ್ಯಕ್ಕೆ ಓಡಿಸಿಕೊಂಡು ಹೋದರೆ?

ಚಿಕ್ಕಮ್ಮ: ಸುತ್ತಾಡೋಕೆ ಹೋದರೆ ತೊಂದರೆ ಇಲ್ಲ. ಅಲ್ಲಿಯ ಕನಿಷ್ಠ ಮಿತಿ ಜಾಸ್ತಿ ಇದ್ದರೆ ಅಷ್ಟಕ್ಕೆ ನಿನ್ನ ಪಾಲಿಸಿ ತಾನೇ ಏರಿಕೊಳ್ಳೋ ಹಾಗೆ ಸಾಮಾನ್ಯವಾಗಿ ಬರೆದಿರುತ್ತೆ. ಆದರೆ ಕೆಲಸ ಬದಲಾಗಿ ಟೆಕ್ಸಾಸಿಗೆ ಹೋದೆ ಅಂದ್ಕೋ, ಪಾಲಿಸಿಯನ್ನ ಅಲ್ಲಿಗೆ ಹೊಸದಾಗಿ ಮಾಡಿಸಬೇಕು. ಆಗ ನಿನ್ನ ಕ್ರೆಡಿಟ್ ಸ್ಕೋರ್ ನೋಡಿ ದರ ಹಾಕ್ತಾರೆ. ಇಲ್ಲಿ ಹಾಗಿಲ್ಲ, ಅದೇ ಇಲ್ಲಿ ಹೊಸಬರಿಗಿರೋ ದೊಡ್ಡ ಅನುಕೂಲ. 1988ರಲ್ಲಿ ಈ ರಾಜ್ಯದ ಜನ ಮತ ಹಾಕಿ ಪ್ರೊಪೊಸಿಷನ್ 103 ಗೆಲ್ಲಿಸಿದರು. ದರ ಏರಿಸೋ ಮೊದಲು ಕಂಪನಿ ರಾಜ್ಯದ ಇನ್ಶೂರೆನ್ಸ್ ಕಮಿಷನರ್ ಒಪ್ಪಿಗೆ ತಗೊಳ್ಳಬೇಕು, ಆ ಕಮಿಷನರನ್ನ ಜನರೇ ಚುನಾಯಿಸ್ತಾರೆ. ದರಕ್ಕೆ ಮುಖ್ಯ ಆಧಾರ ಮೂರು: ನಿನ್ನ ಡ್ರೈವಿಂಗ್ ದಾಖಲೆ, ವರ್ಷಕ್ಕೆ ಎಷ್ಟು ಮೈಲಿ, ಎಷ್ಟು ವರ್ಷದ ಅನುಭವ. ಅರ್ಹ ಒಳ್ಳೆ ಡ್ರೈವರಿಗೆ ಕನಿಷ್ಠ ಶೇಕಡಾ 20 ರಿಯಾಯಿತಿ ಕೊಡಲೇಬೇಕು. ನಿನಗೆ ಮೈಸೂರಲ್ಲಿ ಓಡಿಸಿದ ಅನುಭವ ಇದೆ, ಆ ಹಳೇ ಲೈಸೆನ್ಸನ್ನ ಲೆಕ್ಕಕ್ಕೆ ತಗೋತೀರಾ ಅಂತ ಒಂದೊಂದು ಕಂಪನಿಯನ್ನೂ ಕೇಳು. ಮೈಲಿ ಸರಿಯಾಗಿ ಹೇಳು. ವಾರಕ್ಕೆ ಎರಡು ದಿನ ಮಾತ್ರ ಆಫೀಸಿಗೆ ಹೋಗೋದಾದರೆ ಅದನ್ನೂ ಹೇಳು, ಅದರಲ್ಲೇ ದರ ಇಳಿಯುತ್ತೆ.

ಹುಡುಗ: ಡಿಸೆಂಬರಿನಲ್ಲಿ ಊರಿಗೆ ಹೋಗ್ತೀನಿ, ಎರಡು ತಿಂಗಳು. ಆ ಎರಡು ತಿಂಗಳು ಪಾಲಿಸಿ ನಿಲ್ಲಿಸಿದರೆ ದುಡ್ಡು ಉಳಿಯುತ್ತಲ್ಲ?

ಚಿಕ್ಕಮ್ಮ: ಸುಮ್ಮನೆ ನಿಲ್ಲಿಸಬೇಡ. ಇಲ್ಲಿ ಪಾಲಿಸಿ ರದ್ದಾದರೆ ಕಂಪನಿಯೇ ಡಿಎಂವಿಗೆ, ಅಂದರೆ ರಾಜ್ಯದ ವಾಹನ ಇಲಾಖೆಗೆ, ತಿಳಿಸುತ್ತೆ. ಹೊಸ ಪಾಲಿಸಿ ಕಾಣದಿದ್ದರೆ ಗಾಡಿಯ ರಿಜಿಸ್ಟ್ರೇಷನ್ ಅಮಾನತಾಗುತ್ತೆ. ನೀನು ಚಾಮುಂಡಿ ಬೆಟ್ಟದಲ್ಲಿರುವಾಗ ನೋಟೀಸು ಇಲ್ಲಿ ಬಾಗಿಲಿಗೆ ಬಂದಿರುತ್ತೆ. ನಿಲ್ಲಿಸಲೇಬೇಕು ಅಂದರೆ ಮೊದಲು ಗಾಡಿ ಓಡಿಸೋದಿಲ್ಲ ಅಂತ ಡಿಎಂವಿಗೆ ಅಫಿಡವಿಟ್ ಕೊಡಬೇಕು, ಆಮೇಲೆ ಗಾಡಿಯನ್ನ ಬೀದಿಯಲ್ಲಿ ನಿಲ್ಲಿಸೋ ಹಾಗೂ ಇಲ್ಲ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಬೀದಿ ಪಾರ್ಕಿಂಗೇ ಇರೋದು. ಅದಕ್ಕಿಂತ ಕಂಪನಿಗೆ ಫೋನ್ ಮಾಡಿ ಆ ಎರಡು ತಿಂಗಳಿಗೆ ಕಮ್ಮಿ ಮಾಡೋ ದಾರಿ ಇದೆಯಾ ಅಂತ ಕೇಳು. ನಡುವೆ ಒಂದು ದಿನವೂ ಪಾಲಿಸಿ ಇಲ್ಲದ ಖಾಲಿ ಜಾಗ ಬಿಡಬೇಡ.

ಹುಡುಗ: ಪಾಲಿಸಿ ಇಲ್ಲದ ದಿನ ಬೇರೆಯವನೇ ಬಂದು ನನಗೆ ಗುದ್ದಿದರೆ? ಆಗ ತಪ್ಪು ಅವನದ್ದೇ ಅಲ್ವಾ?

ಚಿಕ್ಕಮ್ಮ: ಅವನದ್ದೇ. ಆದರೂ ಈ ರಾಜ್ಯದಲ್ಲಿ 1996ರ ಪ್ರೊಪೊಸಿಷನ್ 213 ಅಂತ ಒಂದಿದೆ. ನಿನ್ನ ಗಾಡಿಗೆ ಇನ್ಶೂರೆನ್ಸ್ ಇಲ್ಲದಿದ್ದರೆ ಆಸ್ಪತ್ರೆ ಖರ್ಚು, ಸಂಬಳ ನಷ್ಟ ಕೇಳಬಹುದು. ನೋವು, ಅಂಗವಿಕಲತೆಯ ಸಂಕಟಕ್ಕೆ ಪರಿಹಾರ ಕೇಳೋ ಹಕ್ಕು ಸಾಮಾನ್ಯವಾಗಿ ಹೋಗುತ್ತೆ. ನನಗೆ ಇದು ತುಂಬ ಕಠೋರ ಅನ್ನಿಸುತ್ತೆ. ಪ್ರೀಮಿಯಂ ಕಟ್ಟಲಾಗದ ಬಡವನ ಕಾಲು ಮುರಿದರೆ ನೋವು ಕಮ್ಮಿಯೇನಲ್ಲ. ಆದರೆ ಕಾನೂನು ಹಾಗಿದೆ, ನೀನು ತಿಳಿದಿರಬೇಕು. ಅಪಘಾತವಾದರೆ ಗಾಡಿ ಪಕ್ಕಕ್ಕೆ ಹಾಕಿ ಇಬ್ಬರ ಹೆಸರು, ಲೈಸೆನ್ಸು, ಪಾಲಿಸಿ ನಂಬರು ಬರೆದುಕೋ, ಫೋಟೋ ತೆಗಿ. ಯಾರಿಗಾದರೂ ಪೆಟ್ಟಾಗಿದ್ದರೆ, ಅಥವಾ ಯಾರೊಬ್ಬರ ಆಸ್ತಿಗೆ 1,000 ಡಾಲರಿಗಿಂತ ಹೆಚ್ಚು ನಷ್ಟವಾಗಿದ್ದರೆ 10 ದಿನದೊಳಗೆ ಡಿಎಂವಿಗೆ ಎಸ್‌ಆರ್-1 ಫಾರಂ ಕಳಿಸಬೇಕು. ಪೊಲೀಸರು ಬಂದಿದ್ದರೂ ಅದು ನಿನ್ನ ಕೆಲಸ.

ಹುಡುಗ: ನಿಮ್ಮದು ಎಷ್ಟಿದೆ ಚಿಕ್ಕಮ್ಮ?

ಚಿಕ್ಕಮ್ಮ: ನಮ್ಮದು 250/500/100, ಅದರ ಮೇಲೆ, ಆ ಮಿತಿ ಮುಗಿದ ಮೇಲೆ ಕೊಡೋ ಹತ್ತು ಲಕ್ಷ ಡಾಲರಿನ ಅಂಬ್ರೆಲಾ ಪಾಲಿಸಿ. ಮನೆ ಇದೆ, ನಿವೃತ್ತಿಯ ದುಡ್ಡಿದೆ, ಚಿಕ್ಕಪ್ಪನಿಗೆ ಕಣ್ಣು ಮಂಜಾಗ್ತಿದೆ. ನಿನಗೀಗ ಅಷ್ಟು ಬೇಡ. ಮನೆ ತಗೊಂಡ ವರ್ಷ ಮತ್ತೆ ಕೂತು ನೋಡೋಣ. ಈಗ ಆ ಕೋಟಿನಲ್ಲಿ ಒಂದೊಂದೇ ತಿದ್ದು. ಆಮೇಲೆ ಇದೇ ಅಂಕಿಗಳನ್ನ ಇನ್ನೂ ಮೂರು ಕಂಪನಿಗೆ ಕೊಟ್ಟು ದರ ಕೇಳು. ಒಬ್ಬರದ್ದು ಮಿನಿಮಮ್, ಇನ್ನೊಬ್ಬರದ್ದು ದೊಡ್ಡದು ಇಟ್ಟುಕೊಂಡು ಹೋಲಿಸಿದರೆ ಏನೂ ತಿಳಿಯಲ್ಲ. ರಾಜ್ಯದ ಇನ್ಶೂರೆನ್ಸ್ ಇಲಾಖೆಯವರದ್ದೂ ದರ ಹೋಲಿಸೋ ಪಟ್ಟಿ ಇದೆ, ಅದನ್ನೂ ನೋಡು.

ಹುಡುಗ: ಲಯಬಿಲಿಟಿ 100/300/100. ಅನ್‌ಇನ್ಶೂರ್ಡ್ 100/300. ಗಾಡಿಗೆ 3,500ರದ್ದು. ಮೆಡಿಕಲ್ 5,000. ಕಾಂಪ್ರಹೆನ್ಸಿವ್ 500 ಡಿಡಕ್ಟಿಬಲ್. ಕೊಲಿಶನ್ ಇಲ್ಲ. ಡ್ರೈವರ್‌ಗಳು ಮೂವರು. ಶುರುವಾಗೋ ದಿನ ಕೇಳ್ತಿದೆ. ಶನಿವಾರ ಅಂತ ಹಾಕಲಾ?

ಚಿಕ್ಕಮ್ಮ: ಶನಿವಾರ ಹಾಕಿದರೆ ಎಷ್ಟು ಗಂಟೆಯಿಂದ ಅಂತ ನೋಡು, ಬಹಳ ಕಡೆ ರಾತ್ರಿ 12:01 ಇರುತ್ತೆ. ಮಾರೋರ ಮನೆಯಿಂದ ಗಾಡಿ ಹೊರಗೆ ತೆಗೆಯೋ ಮೊದಲೇ ಕಾರ್ಡು ನಿನ್ನ ಫೋನಲ್ಲಿರಬೇಕು. ಪೊಲೀಸರು ಕೇಳಿದರೆ ಫೋನಲ್ಲಿ ತೋರಿಸಿದರೂ ಇಲ್ಲಿ ನಡೆಯುತ್ತೆ. ಗಾಡಿಯ ಗುರುತಿನ ಸಂಖ್ಯೆ, ಆ ವಿಐಎನ್‌ನ 17 ಅಕ್ಷರ ಮಾತ್ರ ಡ್ಯಾಶ್‌ಬೋರ್ಡಿನ ಮೇಲಿರೋದನ್ನೇ ನೋಡಿ ತುಂಬು, ಮಾರೋರು ಮೆಸೇಜಲ್ಲಿ ಕಳಿಸಿದ್ದನ್ನ ನಂಬಬೇಡ.